ಎಪ್ಪತ್ತೆರಡು ಎಳೆ

ಮೇ ೩, ೧೯೮೧. ನಮ್ಮ ಪಂಚಾಂಗದ ದಿನ, ರೋಜು ಖೋರ್ಶೇದ್

ಮಾತೃಶ್ರೀ ಆಲಾಮಾಯಿಯವರ ನಾಲ್ಕು ದಿನಗಳ ಕ್ರಿಯೆಗಳು ನಿನ್ನೆ ಉಷಃಕಾಲದ ಪ್ರಾರ್ಥನೆಯೊಂದಿಗೆ ಸಾಂಗವಾಗಿ ಮುಗಿದವು. ಅವರಿಗೆ ಎಂಬತ್ತೊಂಬತ್ತು ವರ್ಷ. ಮಂತ್ರೋಚ್ಚಾರದಲ್ಲಿ ಲೋಪವಾಗಲಿಲ್ಲ. ಎರಡನೆಯ ದಿನ ಜೊತೆಯ ಪುರೋಹಿತರು ಒಂದು ವಾಕ್ಯವನ್ನು ನುಂಗಿದರು. ನಾನು ಅದನ್ನು ಮತ್ತೆ ಹೇಳಿಸಿದೆ.

ಅತ್ತವರ ಕಣ್ಣೀರು ಪರಲೋಕದ ಹಾದಿಯಲ್ಲಿ ನದಿಯಾಗಿ ಹರಿದು ಆತ್ಮವನ್ನು ತಡೆಯುತ್ತದೆಂದು ಹಿರಿಯರು ಹೇಳಿದ್ದಾರೆ. ಆದ್ದರಿಂದ ನಾನು ಅಳಲಿಲ್ಲ. ತಂಗಿ ಪೇರಿನ್ ಅತ್ತಳು. ಅವಳಿಗೆ ಶಾಸ್ತ್ರವನ್ನು ನೆನಪಿಸಿದೆ.

"ನೀನು ಸೇತುವೆ ಕಟ್ಟು ಭಾಯ್, ನಾನು ನದಿ ಹರಿಸ್ತೀನಿ" ಎಂದಳು.

ಈಗ ಮನೆಯಲ್ಲಿ ವಿಧುರನಾದ ನಾನು, ಮದುವೆಯಾಗದ ಅವಳು, ಇಬ್ಬರೇ. ಪಡಸಾಲೆಯಲ್ಲಿ ದಿವಂಗತರ ಮಗ್ಗವಿದೆ. ಪುರೋಹಿತ ಮನೆತನದ ಸ್ತ್ರೀಯರ ಪದ್ಧತಿಯಂತೆ ಅವರು ಎಪ್ಪತ್ತು ವರ್ಷ ಅದರ ಮುಂದೆ ಕುಳಿತು ಕಸ್ತಿ ನೇಯ್ದರು. ನವಸಾರಿಯ ನಮ್ಮ ಪಾರ್ಸಿಗಳಲ್ಲಿ ಬಹುಮಂದಿ ಸೊಂಟಕ್ಕೆ ಮೂರು ಸುತ್ತು ಸುತ್ತಿಕೊಂಡಿರುವ ಪವಿತ್ರಸೂತ್ರ ಅವರ ಕೈಯದೇ. ಮಗ್ಗದ ಮೇಲೆ ಒಂದು ಕಸ್ತಿ ಅರ್ಧಕ್ಕೆ ನಿಂತಿದೆ. ಅದನ್ನು ಯಾರಿಂದಲಾದರೂ ಪೂರೈಸಬೇಕು.

ಮೇ ೯. ರೋಜು ಸರೋಷ್

ನಮ್ಮ ಸಮಾಜದ ಸಂಘವಾದ ಅಂಜುಮನ್ನಿನ ಕಾರ್ಯದರ್ಶಿ ಮಿನೋಚೆರ್ ಬೆಳಿಗ್ಗೆ ಬಂದು, ಪುದೀನ ಹಾಕಿದ ಚಹಾವನ್ನು ಎರಡು ಬಟ್ಟಲು ಕುಡಿದ ಮೇಲೆ ವಿಷಯಕ್ಕೆ ಬಂದರು. ಸಭಾಭವನದ ಹಿಂಬದಿಯ ಕೋಣೆಯನ್ನು ಹೆಣ್ಣುಮಕ್ಕಳಿಗೆ ಕಸ್ತಿ ನೇಯ್ಗೆ ಕಲಿಸುವ ಶಾಲೆಯಾಗಿ ಮಾಡಿ, ಮಾತೃಶ್ರೀಯವರ ಹೆಸರಿಡಬೇಕೆಂದು ನಿರ್ಣಯವಾಗಿದೆಯಂತೆ. ನಮ್ಮ ಪ್ರವಾದಿಯ ಜನ್ಮದಿನವಾದ ಆಗಸ್ಟ್ ೩೧ರಂದು ಉದ್ಘಾಟನೆ. ಅಂದೇ ಏಳು ಮಕ್ಕಳಿಗೆ ನವಜೋತ್. ಅವರು ಮೊದಲ ಬಾರಿಗೆ ಕಸ್ತಿ ಧರಿಸುವ ದಿನ. ಮಾತೃಶ್ರೀಯವರ ತಗಡಿನ ಪೆಟ್ಟಿಗೆಯಲ್ಲಿ ಸಿದ್ಧವಾದ ಕಸ್ತಿಗಳು ಸರಿಯಾಗಿ ಏಳು ಇವೆ. ಅವನ್ನೇ ಕಟ್ಟಬೇಕು, ನಾನೇ ಕಟ್ಟಿಸಬೇಕು.

"ಆಲಾಮಾಯಿ ಬಗ್ಗೆ ಒಂದು ಪುಟ ಬರೆದುಕೊಡಿ ದಸ್ತೂರ್‌ಜೀ. ಭಕ್ತಿ, ಸಂಸಾರ, ಸಮಾಜಸೇವೆ, ಮೂರೂ ಬರಲಿ. ಆದ್ರೆ ಒಂದೇ ಪುಟ. ಹೋದ ವರ್ಷ ಬಾವಿ ರಿಪೇರಿ ಬಗ್ಗೆ ನೀವು ಬರೆದಿದ್ದನ್ನ ಓದಿ ಮುಗಿಸೋದ್ರೊಳಗೆ ಬಾವೀಲಿ ಮತ್ತೆ ಹೂಳು ತುಂಬಿತ್ತು."

"ವಿಷಯಕ್ಕೆ ತಕ್ಕ ವಿಸ್ತಾರ ಬೇಕಲ್ಲ."

"ವಿಷಯ ನಿಮ್ಮ ತಾಯಿ ಸ್ವಾಮಿ, ಇರಾನಿನ ಚರಿತ್ರೆ ಅಲ್ಲ."

ಒಪ್ಪಿಕೊಂಡೆ.

ಮೇ ೧೦. ರೋಜು ರಶ್ನೆ

ಪುಟವನ್ನು ಆರಂಭಿಸಿ ಪೇರಿನ್‌ಗೆ ಓದಿ ಹೇಳಿದೆ: "ಸದ್ಧರ್ಮಪಥದಲ್ಲಿ ಅಚಲರಾಗಿ ನಡೆದು, ಕುಲಸ್ತ್ರೀಯರಿಗೆ ಆದರ್ಶಪ್ರಾಯರಾಗಿ, ದೀನಜನರ ಪಾಲಿಗೆ ಕಲ್ಪಲತೆಯಾಗಿ ಶೋಭಿಸಿದ ಈ ಪುಣ್ಯಾಂಗನೆ..."

"ಯಾರು ಇವರು? ಇವರ ಮನೇಲಿ ಊಟಕ್ಕೆ ಕರೆದ್ರೆ ನಾನು ಹೋಗಲ್ಲಪ್ಪ."

ಶೈಲಿಯ ಔಚಿತ್ಯವನ್ನು ವಿವರಿಸಿದೆ. ಅವಳು ಬೀನ್ಸಿನ ನಾರು ತೆಗೆಯುತ್ತ, "ಮಾಯಿ ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲಿಗೆ ಹೋಗ್ತಿದ್ರು, ಹೇಳು ನೋಡೋಣ" ಎಂದು ಕೇಳಿದಳು. ಹತ್ತು ಗಂಟೆಗೆ ನಾನು ಅಗ್ಯಾರಿಯಲ್ಲಿ ಪವಿತ್ರಾಗ್ನಿಯ ಸೇವೆಯಲ್ಲಿರುತ್ತೇನೆ. ನನಗೆ ತಿಳಿಯುವ ಸಂಭವವಿಲ್ಲ. ಹಾಗೆಂದೇ ಉತ್ತರಿಸಿದೆ. ಅವಳು ಬೀನ್ಸಿನ ತಟ್ಟೆಯನ್ನೆತ್ತಿಕೊಂಡು ಒಳಗೆ ಹೋದಳು.

ಮೇ ೨೪. ರೋಜು ಬಹಮನ್

ಮಾತೃಶ್ರೀಯವರ ಹಿರಿಯ ಶಿಷ್ಯೆ, ವಿಧವೆ ದೌಲತ್, ಅರ್ಧಕ್ಕೆ ನಿಂತ ಕಸ್ತಿಯನ್ನು ಪೂರೈಸಲು ಬಂದಳು. ಮಗ್ಗದ ಮುಂದೆ ಕುಳಿತು ಎಳೆಗಳ ಮೇಲೆ ಬೆರಳಾಡಿಸಿದವಳು ನೇಯದೆ ಹಾಗೆಯೇ ಉಳಿದಳು.

"ದಸ್ತೂರ್‌ಜೀ, ಇದರಲ್ಲಿ ಎಪ್ಪತ್ತೇ ಇದೆ."

ಕಸ್ತಿಗೆ ಕುರಿಯುಣ್ಣೆಯ ಎಳೆ ಎಪ್ಪತ್ತೆರಡು. ನಮ್ಮ ಧರ್ಮಗ್ರಂಥ ಯಸ್ನದ ಎಪ್ಪತ್ತೆರಡು ಅಧ್ಯಾಯಗಳಿಗೆ ಒಂದೊಂದರಂತೆ. ಒಂದು ಕಡಿಮೆಯಾದರೂ ಅದು ಬರಿಯ ಹುರಿ.

"ಇನ್ನೊಮ್ಮೆ ಎಣಿಸು."

"ಮೂರು ಸಲ ಆಯ್ತು. ಬೇಕಾದ್ರೆ ನನ್ನ ಕಣ್ಣು ಎಣಿಸಿ ನೋಡಿ, ಎರಡೂ ನೆಟ್ಟಗಿವೆ."

ನಾನೂ ಎಣಿಸಿದೆ. ಎಪ್ಪತ್ತು. ಈ ಸಂಗತಿಯನ್ನು ಹೊರಗೆ ಆಡಬಾರದೆಂದು ದೌಲತ್‌ಗೆ ಹೇಳಿ ಕಳುಹಿಸಿದೆ.

ಮೇ ೨೫. ರೋಜು ಅರ್ದಿಬೆಹೇಷ್ತ್

ತಗಡಿನ ಪೆಟ್ಟಿಗೆಯ ಏಳು ಕಸ್ತಿಗಳನ್ನೂ ತೆಗೆದು, ಕುಚ್ಚುಗಳ ತುದಿ ಬಿಡಿಸಿ ಎಣಿಸಿದೆ. ಎರಡರಲ್ಲಿ ಮಾತ್ರ ಎಪ್ಪತ್ತೆರಡು. ಉಳಿದ ಐದರಲ್ಲಿ ಕೆಲವಕ್ಕೆ ಒಂದು, ಕೆಲವಕ್ಕೆ ಎರಡು, ಒಂದಕ್ಕೆ ಮೂರು ಎಳೆಗಳ ಕೊರತೆ.

ಕಾರಣವನ್ನು ವಿಚಾರಿಸಿದೆ. ದಿವಂಗತರ ಎರಡೂ ಕಣ್ಣುಗಳಿಗೆ ಮೂರು ವರ್ಷಗಳಿಂದ ಪೊರೆ ಬಂದಿತ್ತು. ಶಸ್ತ್ರಚಿಕಿತ್ಸೆಗೆ ಒಪ್ಪಲಿಲ್ಲ. "ಕಣ್ಣಿಗೆ ಬಟ್ಟೆ ಕಟ್ಟಿ ಮಲಗಿಸಿದ್ರೆ ಮಗ್ಗಕ್ಕೆ ಯಾರು ಕೂರ್ತಾರೆ?" ಎನ್ನುತ್ತಿದ್ದರು. ಬೆರಳಿನ ಅಂದಾಜಿನಲ್ಲೇ ಎಳೆ ಹಾಯಿಸುತ್ತಿದ್ದರು. ಆದ್ದರಿಂದ ಈ ನ್ಯೂನತೆಗೆ ವಯೋಧರ್ಮ, ದೃಷ್ಟಿಮಾಂದ್ಯ ಹಾಗೂ ಒಂದಿಷ್ಟು ಹಠ, ಈ ಮೂರೇ ಹೇತುಗಳು. ಮೂರು ವರ್ಷಗಳಲ್ಲಿ ನಲವತ್ತರಷ್ಟು ಕಸ್ತಿಗಳು ಈ ಮನೆಯಿಂದ ಹೊರಗೆ ಹೋಗಿವೆ. ಅರಿಯದೆ ಧರಿಸಿದವರಿಗೆ ದೋಷವಿಲ್ಲವೆಂದು ವಾದಿಸಬಹುದು. ಮಕ್ಕಳಿಗೆ ಮಾತ್ರ ಅರಿತು ಕಟ್ಟುವಂತಿಲ್ಲ. ಅಂಜುಮನ್ನಿಗೆ ತಿಳಿಸಲೇಬೇಕು. ತಿಳಿಸಿದರೆ ನೇಯ್ಗೆಯ ಶಾಲೆಗೆ ಅವರ ಹೆಸರು ಉಳಿಯದು. ಎಳೆ ತಪ್ಪಿದ ಕೈಯ ಹೆಸರನ್ನು ಎಳೆ ಕಲಿಸುವ ಮನೆಗೆ ಯಾರು ಇಡುತ್ತಾರೆ? ವಿಷಾದಕರ, ಆದರೆ ಅನಿವಾರ್ಯ.

ಇದನ್ನೆಲ್ಲ ಪೇರಿನ್‌ಗೆ ಕ್ರಮವಾಗಿ ತಿಳಿಸಿದೆ. ಕೊನೆಯವರೆಗೂ ಕೇಳಿದಳು.

"ಕತ್ತರಿ ಹಾಕಿದ್ದು ಯಾರು ಭಾಯ್?"

ಅಷ್ಟೇ ಕೇಳಿ ಅಡುಗೆಮನೆಯ ಬಾಗಿಲು ಹಾಕಿಕೊಂಡಳು.

ಮೇ ೨೬

ಅಗ್ಯಾರಿಯಲ್ಲಿ ಐದು ಹೊತ್ತಿನ ಪ್ರಾರ್ಥನೆ ಯಥಾವಿಧಿ ನಡೆಯಿತು. ಬರೆಯತಕ್ಕದ್ದೇನೂ ಇಲ್ಲ.

ಜೂನ್ ೨. ರೋಜು ಖೋರ್ಶೇದ್

ಈ ಪುಸ್ತಕವನ್ನು ನನ್ನ ಹೊರತು ಯಾರೂ ಓದುವುದಿಲ್ಲ. ಆದರೂ ಮೇ ೨೫ರ ಬರಹದಲ್ಲಿ ಒಂದು ಸಂಗತಿಯನ್ನು ಬಿಟ್ಟಿದ್ದೇನೆ.

ಕಸ್ತಿಯ ನೇಯ್ಗೆ ಮುಗಿಯುವ ಹಂತದಲ್ಲಿ ಪುರೋಹಿತನು ಮಂತ್ರಪೂರ್ವಕವಾಗಿ ಅದನ್ನು ಕತ್ತರಿಸಿ ಮಗ್ಗದಿಂದ ಬಿಡಿಸಬೇಕು. ನಮ್ಮ ಮನೆಯಲ್ಲಿ ಆ ಕೆಲಸ ನನ್ನದು. ಕತ್ತರಿ ಹಿಡಿದವನು ಮೊದಲು ಎಳೆ ಎಣಿಸಬೇಕೆಂಬುದು ತಾಯಿಯವರು ಇಟ್ಟುಕೊಂಡಿದ್ದ ಕಟ್ಟಳೆ. ನೇಯ್ದವಳ ಎಣಿಕೆ ಒಂದು, ಕತ್ತರಿಸುವವನ ಎಣಿಕೆ ಇನ್ನೊಂದು. ಎರಡೂ ಕೂಡಿದರೆ ಮಾತ್ರ ಕಸ್ತಿ ಎನ್ನುತ್ತಿದ್ದರು. ಪ್ರತಿ ಬಾರಿಯೂ ನನ್ನನ್ನು ಮಗನೆಂದು ಕರೆದು ಕೇಳುತ್ತಿದ್ದರು.

"ಎಣಿಸಿದ್ಯಾ ದೀಕ್ರಾ?"

"ಎಣಿಸಿದೆ."

ಮೊದಮೊದಲು ಎಣಿಸುತ್ತಿದ್ದೆ. ಅಗ್ಯಾರಿಯ ಹೊಣೆ ನನ್ನ ಮೇಲೆ ಬಿದ್ದ ತರುವಾಯ, ಸುಮಾರು ಹತ್ತು ವರ್ಷಗಳಿಂದ, ಒಮ್ಮೆಯೂ ಎಣಿಸಿಲ್ಲ. ಕಾರಣಗಳನ್ನು ಇಲ್ಲಿ ನಾಲ್ಕು ಸಾಲು ಬರೆದಿದ್ದೆ, ಹೊಡೆದುಹಾಕಿದ್ದೇನೆ. ಕಳೆದ ಚಳಿಗಾಲದಿಂದ ಅವರು ಎರಡೆರಡು ಸಲ ಕೇಳಲಾರಂಭಿಸಿದ್ದರು. "ಸರಿಯಾಗಿ ಎಣಿಸಿದ್ಯಾ? ನನಗೆ ನನ್ನ ಕೈ ಮೇಲೆ ಈಗ ನಂಬಿಕೆ ಇಲ್ಲ." ನಾನು ಗಡಿಯಾರದ ಕಡೆಗೆ ನೋಡುತ್ತ, "ಎಪ್ಪತ್ತೆರಡು, ಮಾಯಿ" ಎನ್ನುತ್ತಿದ್ದೆ. ಸಂಖ್ಯೆಯನ್ನೂ ಉಚ್ಚರಿಸುತ್ತಿದ್ದೆ.

ಸುಳ್ಳೇ ಎಲ್ಲ ಪಾಪಗಳ ಬೇರೆಂದು ನವಜೋತ್‌ನ ಮಕ್ಕಳಿಗೆ ಪಾಠ ಹೇಳುವವನು ನಾನು.

ಜೂನ್ ೧೧. ರೋಜು ಬೆಹ್ರಾಮ್

ಯಾರ ಯಾರ ಸೊಂಟದಲ್ಲಿ ಎಳೆ ಕಡಿಮೆಯಿರುವ ಕಸ್ತಿಯಿದೆಯೆಂದು ತಿಳಿಯಬೇಕು. ಪೇರಿನ್ ಹೆಸರುಗಳನ್ನು ನೆನಪಿನಿಂದಲೇ ಹೇಳಿದಳು. ಕೊನೆಯದಾಗಿ ಕೊಟ್ಟದ್ದು ಬೆಜನ್‌ಗೆ. ಅವನು ನಮ್ಮವರ ಶವಗಳನ್ನು ಹೊತ್ತು ಮೌನಗೋಪುರಕ್ಕೆ ಒಯ್ಯುವ ಖಾಂಧಿಯಾ. ತಾಯಿಯವರನ್ನು ಹೊತ್ತ ನಾಲ್ವರಲ್ಲಿ ಅವನೂ ಒಬ್ಬ. ಊರಿನ ಅಂಚಿನಲ್ಲಿ ಅವನ ಮನೆ. ಮಡಿಯನ್ನು ಕಾಯಬೇಕಾದ ನನ್ನಂಥ ಪುರೋಹಿತರು ಅಲ್ಲಿಗೆ ಹೋಗುವ ರೂಢಿಯಿಲ್ಲ. ಮೆಟ್ಟಿಲ ಕೆಳಗೆ ನಿಂತು ಕರೆದೆ.

"ಅರೆ, ದಸ್ತೂರ್‌ಜೀ! ನಮ್ಮನೇಲಿ ಯಾರೂ ಸತ್ತಿಲ್ಲವಲ್ಲ?"

ಕಸ್ತಿಯನ್ನು ಪರೀಕ್ಷಿಸಬೇಕಾಗಿದೆ ಎಂದಷ್ಟೇ ಹೇಳಿದೆ. ಅವನು ನಕ್ಕ.

"ಯಾಕೆ, ಎಪ್ಪತ್ತಿದೆ ಅಂತಾನಾ? ಅದು ನಂಗೆ ಗೊತ್ತಿರೋದೇ. ನಮ್ಮಮ್ಮನೂ ನೇಯೋಳು. ಹೊಸದು ಕೈಗೆ ಬಂದ ಕೂಡ್ಲೆ ಕುಚ್ಚು ಬಿಡಿಸಿ ನೋಡೋದು ನಂಗೆ ಅಭ್ಯಾಸ. ಚಳಿಗಾಲದಲ್ಲೇ ಆಲಾಮಾಯಿಗೆ ಹೋಗಿ ಹೇಳಿದೆ, ಮಾಯಿ, ಎರಡು ಕಮ್ಮಿ ಇದೆ ಅಂತ. ಏನು ಬೈದ್ರು ಅಂತೀರಾ! 'ನನ್ನ ಮಗ ಎಣಿಸಿ ಕತ್ತರಿಸಿದ್ದಾನೆ. ಅವನು ಸುಳ್ಳು ಹೇಳೋನಲ್ಲ. ನೀನೇ ಎಣಿಕೆ ಕಲಿತ್ಕೊಂಡು ಬಾ ಹೋಗು' ಅಂದ್ರು. ನಾನೂ ಸುಮ್ಮನಾದೆ. ನೀವು ಎಣಿಸಿದ ಮೇಲೆ ನಂದು ಯಾವ ಲೆಕ್ಕ?"

ಅವನ ಹೆಂಡತಿ ಒಳಗಿನಿಂದ, "ಮಾಯಿ ಇದ್ದಾಗ ಇಷ್ಟು ಹೊತ್ತಿಗೆ ಬಂದುಬಿಡೋರು. ಹತ್ತಕ್ಕೆ ಬಂದು ಇಲ್ಲೇ ಕೂತು ಚಹಾ ಕುಡಿದು ಹೋಗೋರು" ಎಂದಳು. ಮೆಟ್ಟಿಲ ಮೇಲಿನ ಮರದ ಮಣೆಯನ್ನು ತೋರಿಸಿದಳು.

ನಾನು ಕುಳಿತುಕೊಳ್ಳಲಿಲ್ಲ. ಬೆಜನ್‌ಗೆ ಏನೂ ಹೇಳಲೂ ಇಲ್ಲ. ಮನೆಗೆ ಬಂದು ಸ್ನಾನ ಮಾಡಿದೆ.

ಜುಲೈ ೫, ಭಾನುವಾರ. ರೋಜು ಗೋಷ್

ಬಹಮನ್ ಮಾಸವಾದ್ದರಿಂದ ಯಾರ ಮನೆಯಲ್ಲೂ ಮಾಂಸವಿಲ್ಲ. ಅಂಜುಮನ್ನಿನ ಸಭೆಗೆ ಬಂದವರ ಮುಖಗಳಲ್ಲಿ ಅದರ ಬೇಸರ ಕಾಣುತ್ತಿತ್ತು. ನಾನು ಹೇಳಲಿರುವುದನ್ನು ಮಿನೋಚೆರ್‌ಗೆ ನಿನ್ನೆಯೇ ತಿಳಿಸಿದ್ದೆ. ಅವರು ತಲೆಯ ಮೇಲಿನ ಟೊಪ್ಪಿಗೆಯನ್ನು ತೆಗೆದು ಮತ್ತೆ ಹಾಕಿಕೊಂಡರು.

"ಯಾರು ಎಣಿಸ್ತಾರೆ ದಸ್ತೂರ್‌ಜೀ? ಐದು ಹೊಸದು ಸದ್ದಿಲ್ದೆ ಮಾಡಿಸೋಣ. ಮಾಯಿ ಹೆಸರೂ ಉಳಿಯತ್ತೆ, ನಿಮ್ಮ ಗಡ್ಡದ ಮರ್ಯಾದೆನೂ ಉಳಿಯತ್ತೆ."

"ನಲವತ್ತು ಮಂದಿಯ ಸೊಂಟದಲ್ಲಿರುವುದು?"

"ಸೊಂಟಕ್ಕೇನು ಗೊತ್ತು?"

ಆದರೂ ಇಂದು ನನ್ನನ್ನು ಮಾತಿಗೆ ಕರೆದರು. ಭಾಷಣವನ್ನು ಬರೆದುಕೊಂಡು ಹೋಗಿದ್ದೆ. "ಸೂತ್ರಪರಿಶೋಧನೆಯೆಂಬ ಗುರುತರ ಕರ್ತವ್ಯದಲ್ಲಿ ದೀರ್ಘಕಾಲ ಸಂಭವಿಸಿದ ಅನವಧಾನದ ಪರಿಣಾಮವಾಗಿ" ಎಂಬಲ್ಲಿಯವರೆಗೆ ಓದಿದ್ದೆ. ಎರಡನೆಯ ಸಾಲಿನಲ್ಲಿದ್ದ ಕಿವಿ ಮಂದವಾದ ಮುದುಕಿ ತೇಮಿನಾ ಪಕ್ಕದವಳನ್ನು ತಿವಿದರು.

"ಏನಂತೆ? ಮತ್ತೆ ಬಾವಿ ಕೆಟ್ಟೋಯ್ತಾ?"

ಸಭೆ ನಕ್ಕಿತು. ನಾನು ಕಾಗದವನ್ನು ಮಡಿಸಿದೆ.

"ಬಾವಿಯಲ್ಲ, ತೇಮಿನಾಮಾಯಿ. ಮಾಯಿಗೆ ಕಣ್ಣು ಕಾಣ್ತಿರಲಿಲ್ಲ. ಎಣಿಸು ಅಂತ ನನಗೆ ಹೇಳ್ತಿದ್ರು. ನಾನು ಎಣಿಸಲಿಲ್ಲ. ಎಣಿಸಿದೆ ಅಂತ ಹೇಳ್ದೆ. ಹತ್ತು ವರ್ಷ ಹಾಗೇ ಹೇಳ್ದೆ. ನಿಮ್ಮಲ್ಲಿ ಕೆಲವರ ಕಸ್ತೀಲಿ ಎಳೆ ಕಮ್ಮಿ ಇದೆ. ತಪ್ಪು ನಂದು, ಅವರದ್ದಲ್ಲ."

ಯಾರೂ ನಗಲಿಲ್ಲ. ತೇಮಿನಾಮಾಯಿ ಮಾತ್ರ, "ಈಗ ಕೇಳಿಸ್ತು" ಎಂದರು.

ಆಮೇಲೆ ಗದ್ದಲವಾಯಿತು. ಹುಡುಗಿಯೊಬ್ಬಳ ತಂದೆ ಎದ್ದು, "ನನ್ನ ಮಗಳಿಗೆ ಹೋದ ವರ್ಷ ನೀವೇ ಕಟ್ಟಿದ್ದು. ಮೂರು ದಿನ ಸತ್ಯದ ಮೇಲೆ ಪಾಠ ಹೇಳಿದ್ರಲ್ಲ, ಅದೂ ಎಣಿಸದೇನೇ ಹೇಳಿದ್ದಾ?" ಎಂದ. ನಿಂತೇ ಇದ್ದೆ.

ಜುಲೈ ೭. ರೋಜು ಮೆಹೆರ್

ಅಂಜುಮನ್ನಿನ ತೀರ್ಮಾನ ಬಂತು. ಶಾಲೆಗೆ ಆಲಾಮಾಯಿಯವರ ಹೆಸರೇ ಇರುತ್ತದೆ. ಆಗಸ್ಟ್ ೩೧ರ ನವಜೋತ್‌ಗಳನ್ನು ಸೂರತ್‌ನಿಂದ ಬರುವ ಪುರೋಹಿತರು ನಡೆಸುತ್ತಾರೆ. ಒಂದು ವರ್ಷ ನಾನು ಯಾವ ಕಸ್ತಿಗೂ ಕತ್ತರಿ ಹಾಕುವಂತಿಲ್ಲ. ನ್ಯಾಯವಾಗಿದೆ.

ಪೇರಿನ್ ಮಧ್ಯಾಹ್ನ ಅನ್ನ, ತೊವ್ವೆ, ಕುಂಬಳದ ಪಲ್ಯ ಬಡಿಸಿದಳು. ಎರಡನೆಯ ಸಲ ಕೇಳದೆಯೇ ಬಡಿಸಿದಳು.

ಆಗಸ್ಟ್ ೩. ರೋಜು ತೀರ್

ಮೂವತ್ತೆಂಟು ಮನೆಗಳಿಗೆ ಹೋಗಿಬಂದೆ. ಹದಿನಾರು ಕಸ್ತಿಗಳಲ್ಲಿ ಕೊರತೆಯಿತ್ತು. ದೌಲತ್ ಮತ್ತು ಅವಳ ಗೆಳತಿಯರು ಹೊಸದನ್ನು ನೇಯುತ್ತಿದ್ದಾರೆ. ಕತ್ತರಿಸುವುದು ಬೇರೆಯವರು, ಎಣಿಸಲು ಮಾತ್ರ ನನ್ನನ್ನು ಬಿಟ್ಟಿದ್ದಾರೆ. ಪ್ರತಿಯೊಂದನ್ನೂ ಎರಡು ಸಲ ಎಣಿಸುತ್ತೇನೆ. "ದಸ್ತೂರ್‌ಜೀ ಈಗ ನಮ್ಮ ಹಲ್ಲನ್ನೂ ಎಣಿಸ್ತಾರೆ, ಬಾಯಿ ಮುಚ್ಕೊಂಡಿರಿ" ಎಂದು ದೌಲತ್ ಹುಡುಗಿಯರಿಗೆ ಹೇಳುವುದು ಕೇಳಿಸಿತು.

ಹೋದ ಮನೆಗಳಲ್ಲಿ ಯಾರೂ ಬರಿಗೈಯಲ್ಲಿ ಕಳುಹಿಸಲಿಲ್ಲ. ಕೆಲವರು ಬೈದು ಕಳುಹಿಸಿದರು, ಉಳಿದವರು ಮಾಯಿಯ ಸುದ್ದಿ ಹೇಳಿ ಕಳುಹಿಸಿದರು. ಒಬ್ಬಳ ಅತ್ತೆ ಸಿಡುಬಿನಿಂದ ಸತ್ತಾಗ ಹೆಣಕ್ಕೆ ಸ್ನಾನ ಮಾಡಿಸಲು ಬಂದವರು ಮಾಯಿಯೊಬ್ಬರೇ. ಇನ್ನೊಬ್ಬಳ ಗಂಡ ಹೊಡೆಯುತ್ತಿದ್ದಾಗ ದಿನವೂ ಸಂಜೆ ಅವರ ಜಗಲಿಯಲ್ಲಿ ಚರಕಿ ಹಿಡಿದು ಉಣ್ಣೆ ನೂಲುತ್ತ ಕುಳಿತರಂತೆ. ಏನೂ ಆಡಲಿಲ್ಲ, ಎದ್ದೂ ಹೋಗಲಿಲ್ಲ. ಎರಡು ತಿಂಗಳಲ್ಲಿ ಅವನಿಗೇ ಸಾಕಾಯಿತು. ಒಂದು ಮನೆಯಲ್ಲಿ ಅವರು ಇಸ್ಪೀಟಾಡುವಾಗ ಮೋಸ ಮಾಡುತ್ತಿದ್ದರೆಂದು ಕೇಳಿ ತಿಳಿದೆ. ಇದು ನನಗೆ ಗೊತ್ತಿರಲಿಲ್ಲ. ಪೇರಿನ್‌ಗೆ ಗೊತ್ತಿತ್ತು.

ಇವಿಷ್ಟನ್ನೇ ಬರೆದು ಮಿನೋಚೆರ್‌ಗೆ ಕೊಟ್ಟೆ. "ಒಂದು ಪುಟ ಕೇಳಿದ್ರೆ ಅರ್ಧ ಪುಟ ಕೊಟ್ರಲ್ಲ, ಹುಷಾರಾಗಿದ್ದೀರಾ?" ಎಂದರು.

ಬೆಜನ್‌ನ ಮನೆಯೊಂದು ಉಳಿದಿದೆ. ಅವನಿಗೆ ಸುದ್ದಿ ಮುಟ್ಟಿರಲೇಬೇಕು. ಆದ್ದರಿಂದ ನಾನೇ ಹೋಗಿ ಹೇಳುವ ಅಗತ್ಯವಿಲ್ಲವೆಂದು ವಾರದಿಂದ ಅಂದುಕೊಳ್ಳುತ್ತಿದ್ದೇನೆ.

ಆಗಸ್ಟ್ ೧೨. ರೋಜು ಗೋವಾದ್

ಬೆಳಿಗ್ಗೆ ಹತ್ತಕ್ಕೆ ಬೆಜನ್‌ನ ಮನೆಗೆ ಹೋದೆ. ಹೊಸ ಕಸ್ತಿಯನ್ನು ಅವನ ಕೈಗಿತ್ತು, ಎಣಿಸೆಂದೆ. ಅವನು ಕುಚ್ಚು ಬಿಡಿಸಿ ನಿಧಾನವಾಗಿ ಎಣಿಸಿದ. ನಾನು ಮಣೆಯ ಮೇಲೆ ಕುಳಿತು ಕಾದೆ.

"ಸರಿ ಇದೆ."

"ಹಳೆಯದರಲ್ಲಿ ಎಪ್ಪತ್ತೇ ಇತ್ತು, ಬೆಜನ್. ನೀನು ಎಣಿಸಿದ್ದು ಸರಿ. ನಾನು ಎಣಿಸಿರಲಿಲ್ಲ. ಮಾಯಿಗೆ ಸುಳ್ಳು ಹೇಳಿದ್ದೆ."

"ಊರಲ್ಲೆಲ್ಲ ಹೇಳಿದ್ರಂತೆ. ನಮ್ಮನೆಗೂ ಬರ್ತೀರೇನೋ ಅಂತ ಕಾದೆ." ಹಳೆಯ ಕಸ್ತಿಯನ್ನು ಬಿಚ್ಚಿ, ಪ್ರಾರ್ಥನೆ ಹೇಳಿ, ಹೊಸದನ್ನು ಕಟ್ಟಿಕೊಂಡ. ಅವನ ಹೆಂಡತಿ ಚಹಾ ತಂದಳು. ಸಕ್ಕರೆ ಹೆಚ್ಚಾಗಿತ್ತು, ಕುಡಿದೆ.

"ದಸ್ತೂರ್‌ಜೀ, ಅವತ್ತು ನಿಮಗೆ ಅರ್ಧ ಹೇಳ್ದೆ. ಮಾಯಿ ಬೈದ್ರಲ್ಲ, ಆಮೇಲೆ ನಾನು ಎದ್ದು ಹೊರಟೆ. ಕೂತ್ಕೋ ಅಂದ್ರು. ಕಸ್ತೀನ ಕೈಗೆ ತಗೊಂಡ್ರು. ಕಣ್ಣು ಮುಚ್ಕೊಂಡು, ಉಗುರಲ್ಲಿ ಒಂದೊಂದೇ ಎಳೆ ಆಚೆ ಸರಿಸಿ ಸರಿಸಿ ಎಣಿಸಿದ್ರು. ಒಂದು ಗಂಟೆ ಆಯ್ತೇನೋ. ಚಹಾ ಆರಿಹೋಯ್ತು."

"ಆಮೇಲೆ?"

"ಎಪ್ಪತ್ತೇ ಬಂತು. ಯಾರಿಗೂ ಹೇಳ್ಬೇಡ ಅಂದ್ರು, ಅಷ್ಟೇ. ಮಾತು ಕೊಟ್ಟಿದ್ದೆ. ಈಗ ನೀವೇ ಹೇಳಿದ ಮೇಲೆ ಮುಚ್ಚಿಡೋದು ಏನಿದೆ? ಅವತ್ತಿಂದ ಮಾಯಿ ಯಾರಿಗೂ ಒಂದು ಕಸ್ತಿನೂ ಕೊಡ್ಲಿಲ್ಲ. ಕೇಳಿದವರಿಗೆಲ್ಲ, ಇರಿ, ನನ್ನ ಮಗ ಎಣಿಸಲಿ ಅಂತಿದ್ರು."

ಮನೆಗೆ ಬಂದೆ. ಸ್ನಾನ ಮಾಡಿದ ನೆನಪಿಲ್ಲ. ಬೆಜನ್ ಹೋಗಿ ಹೇಳಿದ ದಿನದಿಂದ ಮಾಯಿ ತೀರಿಕೊಳ್ಳುವವರೆಗೆ ನಾನು ಕತ್ತರಿಸಿಕೊಟ್ಟ ಕಸ್ತಿಗಳು ಏಳು, ತಗಡಿನ ಪೆಟ್ಟಿಗೆಯಲ್ಲಿದ್ದ ಆ ಏಳೇ. ಏಳು ಬಾರಿಯೂ ಅವರು ನನ್ನನ್ನು ಎರಡೆರಡು ಸಲ ಕೇಳಿದರು. ಏಳು ಬಾರಿಯೂ ನಾನು ಎಪ್ಪತ್ತೆರಡು ಎಂದೆ. ಅವರು ಪಕ್ಕದಲ್ಲಿ ತಡವಿ, ಕತ್ತರಿಯನ್ನು ತಾವೇ ನನ್ನ ಕೈಗೆ ಕೊಟ್ಟರು.